ಮಿಕ್ಕಿದ್ದು ಇಂಗ್ಲಿಷು

೨೦೨೫ರ ಫೆಬ್ರವರಿ ಹದಿನಾರು, ಭಾನುವಾರ, ಬೆಳಿಗ್ಗೆ ಹತ್ತು ನಲವತ್ತು, ಟಿವಿ ಪರದೆಯ ಎಡಭಾಗದಲ್ಲಿ ಒಂದು ಬಿಳಿ ಗೀರು ಮೇಲಿನಿಂದ ಕೆಳಗೆ ನಡುಗುತ್ತಿದೆ, ಮಳೆಯ ಎಳೆಯ ಹಾಗೆ, ಆದರೆ ಮಳೆಯಲ್ಲ, ಎಂದೋ ಯಾವುದೋ ಪ್ರೊಜೆಕ್ಟರಿನೊಳಗೆ ಸಿಕ್ಕಿಕೊಂಡ ಮರಳಿನ ಕಣ ಎಳೆದದ್ದು, ಗೀರು ಕಪ್ಪಾಗಿದ್ದರೆ ಫಿಲ್ಮಿನ ಹಿಂಬದಿಯದು, ಬಿಳಿಯಾಗಿದ್ದರೆ ಬೆಳ್ಳಿಯ ಪದರವೇ ಕಿತ್ತುಹೋಗಿದೆ ಎಂದರ್ಥ, ಮೂವತ್ತಾರು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳಿಗೆ ಇಂಥದ್ದು ತಾನಾಗಿ ಕಾಣುತ್ತದೆ — ಯಾರೇ ಬಂದಿದ್ದು, ಅಮ್ಮ ಕೇಳುತ್ತಾಳೆ, ಗಡಿಯಾರದವನಾ, ಹೂಂ ಅಮ್ಮ ಅವನೇ, ಹ್ಯಾಟು ತೆಗೆದು ಕೈಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾನೆ, ಒಳಗೆ ಬರ್ಲಾ ಅಂತ ಕೇಳ್ತಿದಾನೆ, ಬೇಗ ಬರಕ್ಕೆ ಹೇಳೇ, ಐವತ್ತನಾಲ್ಕು ವರ್ಷದಿಂದ ಅಲ್ಲೇ ನಿಂತಿದಾನೆ ಪಾಪ. ಅಮ್ಮ ನಗುತ್ತಾಳೆ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಾಳೆ, ಅಂದರೆ ಟಿವಿಯನ್ನು ನೋಡುತ್ತಿದ್ದಾಳೆ, ಎಂಬತ್ತನಾಲ್ಕರ ಕಣ್ಣಿನಲ್ಲಿ ನಡುಭಾಗ ಸವೆದು ಅಂಚು ಮಾತ್ರ ಉಳಿದಿದೆ, ಎದುರಿಗಿರುವುದು ಕಾಣಬೇಕಾದರೆ ಪಕ್ಕಕ್ಕೆ ನೋಡಬೇಕು, ಈಗಿನ ಬಣ್ಣದ ಸಿನಿಮಾ ಅವಳಿಗೆ ಕಾಲಿಟ್ಟು ಕಲಸಿದ ರಂಗೋಲಿ, ಈ ಹಳೆಯ ಹಾಲಿವುಡ್ ಚಿತ್ರ ಮಾತ್ರ ಕಾಣುತ್ತದೆ, ಕಪ್ಪು ಕೋಟಿನ ಮೇಲೆ ಬಿಳಿಯ ಕಾಲರು, ಕತ್ತಲ ಗೋಡೆಯ ಮುಂದೆ ಬೆಳಗುವ ಕೆನ್ನೆ, ಯಾರೋ ಅಳೆದು ಸುರಿದ ಬೆಳಕು, ಆ ಬೆಳಕು ಒಂದು ದಿನ ಒಂದು ದೀಪದಿಂದ ಹೊರಟು ಆ ಕೆನ್ನೆಗೆ ತಾಕಿ ಅಲ್ಲಿಂದ ಸಿಡಿದು ಬೆಳ್ಳಿಯ ಲವಣವನ್ನು ಕಪ್ಪು ಮಾಡಿತು, ಕೆನ್ನೆ ಮಣ್ಣಾಗಿ ನಲವತ್ತು ವರ್ಷ ಆಗಿರಬಹುದು, ಬೆಳಕು ತಾಕಿದ ಗುರುತು ಹಾಗೇ ಇದೆ, ಇದು ನೆನಪಲ್ಲ, ರಾಸಾಯನಿಕ ಕ್ರಿಯೆ, ಆದರೂ ಜಯನಗರದ ನಾಲ್ಕನೇ ಟಿ ಬ್ಲಾಕಿನ ಈ ಹಾಲಿನಲ್ಲಿ ಇಡ್ಲಿಯ ತಟ್ಟೆ ಇನ್ನೂ ತೊಳೆಯದೆ ಬಿಟ್ಟು ಕೂತ ಇಬ್ಬರು ಹೆಂಗಸರಿಗೆ ಅದು ಯಾಕೆ ಬೇಕು, ಅದನ್ನು ಯಾವ ಸಮೀಕರಣವೂ ಹೇಳುವುದಿಲ್ಲ.

ಅಪ್ಪ ಇದ್ದಿದ್ದರೆ ಮೂರು ಪದದಲ್ಲಿ ಹೇಳುತ್ತಿದ್ದರು, ತಂತಿ ಕಚೇರಿಯಲ್ಲಿ ಕೆಲಸ, ಅವರ ಇಂಗ್ಲಿಷು ತಂತಿಯ ಇಂಗ್ಲಿಷು, ಹೊರಟೆ, ತಲುಪಿದೆ, ಸೀರಿಯಸ್, ಅಷ್ಟರೊಳಗೆ ಇಡೀ ಜಗತ್ತು, ೧೯೭೧, ನನಗೆ ಎಂಟು ವರ್ಷ, ಭಾನುವಾರದ ಹತ್ತೂವರೆ ಆಟ, ಇಂಗ್ಲಿಷ್ ಪಿಕ್ಚರ್ ಅಂದರೆ ಬಸ್ಸು ಹತ್ತಿ ದಂಡಿಗೇ, ಅಂದರೆ ಕಂಟೋನ್ಮೆಂಟಿಗೇ ಹೋಗಬೇಕು, ಅಮ್ಮ ಮೈಸೂರು ಸಿಲ್ಕು ಉಟ್ಟಿದ್ದಾಳೆ, ಮದುವೆಗೆ ಹೊರಟ ಹಾಗೆ, ಸಾಹೇಬರು ಬರೋ ಜಾಗ ಅಂತೆ, ಸಾಹೇಬರು ಹೋಗಿ ಇಪ್ಪತ್ತನಾಲ್ಕು ವರ್ಷ ಆಯ್ತು ಕಣೆ ಚೂಡಾ, ಅಪ್ಪ ಅನ್ನುತ್ತಾರೆ, ಆಗಲಿ ಬಿಡಿ, ಅವರ ಕುರ್ಚಿಗಳಾದ್ರೂ ಇದಾವಲ್ಲ, ನಾನು ನಡುವೆ, ಅಪ್ಪ ನನ್ನ ತಲೆಯ ಮೇಲಿನಿಂದ ಅಮ್ಮನ ಕಡೆಗೆ ಬಾಗುತ್ತಾರೆ, ಅಡಿಕೆಯ ವಾಸನೆ, ಪರದೆಯ ಮೇಲಿನ ಇಂಗ್ಲಿಷು ಅಪ್ಪನ ಬಾಯಲ್ಲಿ ಕನ್ನಡವಾಗಿ ನನ್ನ ನೆತ್ತಿಯನ್ನು ದಾಟಿ ಅಮ್ಮನ ಕಿವಿಗೆ ಬೀಳುತ್ತದೆ, ಆ ಗಡಿಯಾರ ರಿಪೇರಿಯವನು ಊಟದ ಮನೆಯ ಒಡತಿಯ ಮುಂದೆ ನಿಂತು ಎರಡು ನಿಮಿಷ ಬಿಡದೆ ಮಾತಾಡುತ್ತಾನೆ, ಅಪ್ಪ ಹೇಳುತ್ತಾರೆ, ಗಡಿಯಾರ ಸರಿಹೋಯ್ತಂತೆ, ಅಮ್ಮ ಕೇಳುತ್ತಾಳೆ, ಅಷ್ಟು ಹೊತ್ತು ಮಾತಾಡಿದ್ನಲ್ಲರೀ, ಅಷ್ಟೇನಾ, ಅಷ್ಟೇ ಕಣೆ, ಮಿಕ್ಕಿದ್ದು ಇಂಗ್ಲಿಷು. ಹಿಂದಿನ ಸಾಲಿನವರು ನಕ್ಕರು, ಅಮ್ಮನೂ ನಕ್ಕಳು, ಆಮೇಲೆ ಕೊನೆ ಬಂತು, ಬಂದರುಕಟ್ಟೆ, ಹಡಗು, ಅವನು ಹಲಗೆ ಏರಿ ತಿರುಗಿ ಒಂದು ಮಾತು ಹೇಳಿದ, ಅಪ್ಪ ನೆತ್ತಿಯ ಮೇಲೆ ಬಾಗಿ ಹೇಳಿದರು, ಹೋಗಿ ಬರ್ತೀನಿ ಅಂದ. ಅಂದಿನಿಂದ ಅಮ್ಮ ಆ ಕಥೆಯನ್ನು ಹೇಳಿದಾಗಲೆಲ್ಲ, ಪಕ್ಕದ ಮನೆಯವರಿಗೆ, ನನಗೆ ಜ್ವರ ಬಂದಾಗ, ಚಿಕ್ಕಮ್ಮನ ಮಗಳು ಹೇಮಶ್ರೀಗೆ ಅನ್ನ ಕಲಸಿ ಕೈಗೆ ಹಾಕುವಾಗ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು, ಅವನು ಮುಂದಿನ ಹಡಗಿಗೇ ಬಂದ, ಪಿಕ್ಚರಿನಲ್ಲಿ ತೋರಿಸೋಕೆ ಟೈಮ್ ಇರಲಿಲ್ಲ ಅಷ್ಟೇ.

ಮೊನ್ನೆ ಗುರುವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಾನೊಬ್ಬಳೇ ನೋಡಿದೆ, ಹೇಮಶ್ರೀ ಎಲ್ಲಿಂದಲೋ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟದ್ದು, ಕೆಳಗೆ ಇಂಗ್ಲಿಷ್ ಅಕ್ಷರಗಳು, ತೋರಿಸುವ ಮುಂಚೆ ಪರೀಕ್ಷಿಸುವುದು ನನ್ನ ಅಭ್ಯಾಸ, ಲ್ಯಾಬಿನಲ್ಲೂ ಹಾಗೇ, ಮಕ್ಕಳ ಕೈಗೆ ಕೊಡುವ ಮೊದಲು ಪ್ರಯೋಗವನ್ನು ನಾನು ಒಮ್ಮೆ ಮಾಡುತ್ತಿದ್ದೆ, ಆ ಕೊನೆಯ ದೃಶ್ಯದಲ್ಲಿ ಅವನು ಹೇಳುವುದು ಒಂದೇ ಮಾತು, ಗುಡ್ ಬೈ, ಆಮೇಲೆ ಹಡಗಿನ ಹಗ್ಗವನ್ನು ಬಿಚ್ಚುತ್ತಾರೆ, ಒದ್ದೆ ಹಗ್ಗ ದಡದಲ್ಲಿ ನಿಂತ ಒಡತಿಯ ಪಾದದ ಪಕ್ಕದಲ್ಲೇ ಕಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತದೆ, ಅವಳು ಹಡಗನ್ನು ನೋಡುವುದಿಲ್ಲ, ಅವನನ್ನು ನೋಡುವುದಿಲ್ಲ, ಹಗ್ಗದ ತುದಿಯನ್ನು ನೋಡುತ್ತಾಳೆ, ಅದು ಅಂಚಿನವರೆಗೆ ಬಂದು, ಜಾರಿ, ನೀರಿಗೆ — ಗುಡ್ ಬೈ ಅನ್ನುವುದಕ್ಕೆ ಅಪ್ಪನಿಗೆ ಬೇರೆ ಕನ್ನಡ ಇರಲಿಲ್ಲ, ನಮ್ಮ ಮನೆಯಲ್ಲಿ ಯಾರೂ ಹೋಗ್ತೀನಿ ಅನ್ನುವುದಿಲ್ಲ, ತರಕಾರಿಗೆ ಹೊರಟರೂ ಬರ್ತೀನಿ, ಹೆಣ್ಣು ಗಂಡನ ಮನೆಗೆ ಹೊರಟರೂ ಬರ್ತೀನಿ, ಹೋಗ್ತೀನಿ ಅಂದ ಮಗುವಿನ ಬಾಯಿಗೆ ಅಜ್ಜಿ ಬೆರಳು ಅಡ್ಡ ಹಿಡಿಯುತ್ತಿದ್ದಳು, ಹಾಗಾಗಿ ಒಬ್ಬ ಅಮೆರಿಕದವನ ಕೊನೆಯ ಮಾತು ದಂಡಿನ ಟಾಕೀಸಿನ ಕತ್ತಲಲ್ಲಿ ಬರುವ ಮಾತಾಯಿತು. ಅಪ್ಪನೂ ೧೯೯೬ರಲ್ಲಿ ಎದೆ ಒತ್ತಿಕೊಂಡು ಆಟೋ ಹತ್ತುವಾಗ ಬರ್ತೀನಿ ಕಣೆ ಅಂದರು, ಬರಲಿಲ್ಲ.

ಮಂಗಳವಾರ ಏಳು ಗಂಟೆಗೆ ನಾನು ಹೊರಡಬೇಕು, ಬಿಳೇಕಹಳ್ಳಿಯ ಹತ್ತಿರದ ಆಸ್ಪತ್ರೆ, ಬುಧವಾರ ಆಪರೇಷನ್, ಎಡ ಎದೆಯ ಗಂಟು, ಸೂಜಿ ಹಾಕಿ ತೆಗೆದ ಚೂರನ್ನು ಪರೀಕ್ಷಿಸಿ ವರದಿ ಬಂದಿದೆ, ವರದಿಯಲ್ಲಿ ಅನುಮಾನಕ್ಕೆ ಜಾಗವಿಲ್ಲ, ಅಮ್ಮನಿಗೆ ಹೇಳಿಲ್ಲ, ಮೈಸೂರಲ್ಲಿ ಪೇಪರ್ ವ್ಯಾಲ್ಯುಯೇಷನ್ ಹತ್ತು ದಿನ ಅಂದೆ, ರಿಟೈರಾಗಿ ಒಂದೂವರೆ ವರ್ಷ ಆಯ್ತು ಇನ್ನೂ ಕರೀತಾರಾ ನಿನ್ನ, ಕರೀತಾರೆ ಅಮ್ಮ, ಜನ ಸಾಕಾಗಲ್ಲ, ಸರಿ ಹಾಗಾದ್ರೆ, ಅಷ್ಟೇ ಅಂದಳು, ಅವಳು ಅಷ್ಟರವರೆಗೆ ಕುಮಾರಸ್ವಾಮಿ ಲೇಔಟಿನಲ್ಲಿ ಹೇಮಶ್ರೀಯ ಮನೆಯಲ್ಲಿರುತ್ತಾಳೆ, ಗೊತ್ತಿರುವುದು ಹೇಮಶ್ರೀಗೊಬ್ಬಳಿಗೆ, ಫೋನಿನಲ್ಲಿ ಸಿಡುಕುತ್ತಾಳೆ, ಹೇಳ್ಬಿಡು ಹಂಸಕ್ಕ, ದೊಡ್ಡಮ್ಮ ಏನು ಮಗುವಾ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಅವರ ಮುಖ ಹೇಗೆ ನೋಡ್ಲಿ. ಜೀವಮಾನವಿಡೀ ದಶಮಾಂಶದ ಮೂರನೇ ಸ್ಥಾನದವರೆಗೆ ಸರಿಯಾಗಿ ಬರೆಯಿರಿ ಎಂದು ಗದರಿದವಳು ನಾನು, ಹೊಸ್ತಿಲಲ್ಲಿ ನಿಂತು ಬರ್ತೀನಿ ಅಮ್ಮ ಅನ್ನುವುದು ಹೇಗೆ, ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ — ಇನ್ನು ಅರ್ಧ ಗಂಟೆಯಲ್ಲಿ ಆ ದೃಶ್ಯ ಬರುತ್ತದೆ, ಏನಂದ ಎಂದು ಅಮ್ಮ ಕೇಳಿಯೇ ಕೇಳುತ್ತಾಳೆ, ಅಪ್ಪನ ಕನ್ನಡ ಹೇಳಿದರೆ ನನ್ನ ಸುಳ್ಳಿಗೂ ಅದೇ ಕನ್ನಡ ಸಾಕು, ಅಲ್ಲಿರುವುದನ್ನೇ ಹೇಳಿದರೆ ನನ್ನದನ್ನೂ ಹೇಳಬೇಕಾಗುತ್ತದೆ.

ಹೊರಗೆ ಮೊಪೆಡ್ಡಿನ ಹಾರನ್, ಸೊಪ್ಪೂ, ಜರಗನಹಳ್ಳಿಯ ಬೋರಯ್ಯ ಗೇಟಿನಲ್ಲಿ ನಿಂತು ಒಳಗೆ ಇಣುಕುತ್ತಾನೆ, ಏನಕ್ಕಾ ಇಂಗ್ಲಿಸ್ ಪಿಚ್ಚರ್ರಾ, ಅಜ್ಜೀಗೆ ಅರ್ತ ಆಯ್ತದಾ, ಅಮ್ಮ ಕೂತಲ್ಲಿಂದಲೇ ಕೂಗುತ್ತಾಳೆ, ನಿನ್ನ ದಂಟಿನ ಸೊಪ್ಪಷ್ಟೇ ಅರ್ಥ ಆಗತ್ತೆ ಕಣಪ್ಪ, ಕಣ್ಣು ಹೋಗಿದೆ ಮೂಗು ಹೋಗಿಲ್ಲ, ನಿನ್ನೇದು ತಾನೇ ಅದು, ಬೋರಯ್ಯ ತಲೆ ಕೆರೆದುಕೊಂಡು ನನಗೆ ಪಿಸುಗುಟ್ಟುತ್ತಾನೆ, ಪೋಲೀಸ್ರಿಗೆ ಕೊಡಿ ಅಕ್ಕ ಅಜ್ಜೀನ, ಕಳ್ಳರು ಒಬ್ರೂ ಉಳಿಯಲ್ಲ, ಮಂಗಳ್ವಾರ ಮೆಂತ್ಯ ತರ್ಲಾ, ಬೇಡ ಬೋರಯ್ಯ, ಹತ್ತು ದಿನ ನಾವಿಬ್ರೂ ಇರಲ್ಲ, ಹತ್ತು ಎಂದೆ, ಹತ್ತನ್ನು ಯಾರು ಅಳೆದರು. ಒಳಗೆ ಬಂದು ಕೂರುತ್ತೇನೆ, ಪರದೆಯ ಮೇಲೆ ಮಂಜು, ಎಣ್ಣೆ ಕಾಯಿಸಿ ಎಬ್ಬಿಸಿದ ಹೊಗೆ ಅದು, ಸಮುದ್ರ ಅಂದರೆ ಒಂದು ತೊಟ್ಟಿ, ಹಡಗಿನ ಅರ್ಧ ಮಾತ್ರ ಕಟ್ಟಿದ್ದಾರೆ, ಉಳಿದರ್ಧ ಬಟ್ಟೆಯ ಮೇಲೆ ಬರೆದ ಚಿತ್ರ, ಎಲ್ಲ ಗೊತ್ತು, ಗೊತ್ತಿದ್ದೂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ, ಬಹುಶಃ ಇದಕ್ಕೇ ಇರಬೇಕು, ಈ ಚಿತ್ರಗಳಲ್ಲಿ ಹೋದವರು ಪೂರ್ತಿ ಹೋಗುತ್ತಾರೆ, ತಲುಪಿದೆ ಎಂದು ಫೋನು ಮಾಡುವುದಿಲ್ಲ, ಫೋಟೋ ಕಳಿಸುವುದಿಲ್ಲ, ಉಳಿದವರ ಮುಖದ ಮೇಲೆ ಕ್ಯಾಮೆರಾ ಕದಲದೆ ನಿಲ್ಲುತ್ತದೆ, ಯಾರೂ ಅವಸರ ಮಾಡುವುದಿಲ್ಲ, ಒಂದು ಮುಖಕ್ಕೆ ಅಷ್ಟು ಹೊತ್ತು ಕೊಡುವವರು ಈಗ ಯಾರಿದ್ದಾರೆ, ನನ್ನ ಸ್ಕ್ಯಾನ್ ನೋಡಿದ ಡಾಕ್ಟರೂ ನನ್ನ ಮುಖ ನೋಡಲಿಲ್ಲ.

ಹನ್ನೆರಡು ಗಂಟೆ ಹದಿಮೂರು ನಿಮಿಷ, ಅವನು ಹಲಗೆ ಏರಿದ, ತಿರುಗಿದ, ತುಟಿ ಒಮ್ಮೆ ಅಲುಗಿತು, ಏನಂದ, ಅಮ್ಮ ಕೇಳಿದಳು, ನನ್ನ ಹೆಬ್ಬೆರಳು ರಿಮೋಟಿನ ಮೇಲೆ, ಹಗ್ಗ ಆಗಲೇ ಕಲ್ಲಿನ ಮೇಲೆ ಎಳೆದುಕೊಂಡು ಹೊರಟಿದೆ, ಒತ್ತಿದೆ, ಎಲ್ಲ ನಿಂತಿತು, ಗುಡ್ ಬೈ ಅಂದ ಅಮ್ಮ, ಅಷ್ಟೇನಾ, ಅಷ್ಟೇ, ಬರ್ತೀನಿ ಅನ್ನಲಿಲ್ಲ, ಅಪ್ಪ ತಪ್ಪು ಹೇಳಿದ್ರು, ಅವನು ಬರಲಿಲ್ಲ. ಅಮ್ಮನ ಗಂಟಲಿನಿಂದ ಬಂದದ್ದು ಅಳುವಲ್ಲ, ಸಣ್ಣ ನಗು, ಅವನು ಬರಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು ಕಣೆ, ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ, ಮುಖಕ್ಕೂ ತರ್ಜುಮೆ ಬೇಕೇನು, ಮತ್ತೆ ಎಲ್ಲರಿಗೂ ಬಂದ ಬಂದ ಅಂತ ಹೇಳ್ತಿದ್ಯಲ್ಲ ಅಮ್ಮ, ಹೂಂ ಹೇಳ್ತಿದ್ದೆ, ನಿಮ್ಮಪ್ಪ ಅಷ್ಟು ಕಷ್ಟಪಟ್ಟು ಬಗ್ಗಿ ಹೇಳಿದಾರೆ, ಸುಳ್ಳು ಅನ್ನೋದಾ, ಅದೂ ಅಲ್ಲದೆ ಬರ್ತೀನಿ ಅಂದ್ರೆ ತಾನೇ ನಿಂತೋರು ಬಾಗಿಲು ಹಾಕ್ಕೊಂಡು ಒಲೆ ಹಚ್ಚೋಕಾಗೋದು, ನೀನೂ ಮಂಗಳವಾರ ಹಾಗೇ ಹೇಳು, ನಾನು ಹೂಂ ಅಂತೀನಿ, ಆದ್ರೆ ಮೈಸೂರು ಅಂತ ಮಾತ್ರ ಹೇಳಬೇಡ. ಅಮ್ಮ ಹೇಳುತ್ತಲೇ ಇದ್ದಾಳೆ, ಲ್ಯಾಬು ಬಿಟ್ಟು ಒಂದೂವರೆ ವರ್ಷ ಆಯ್ತು, ಆವತ್ತು ಬುಧವಾರ ಬಂದಾಗ ನಿನ್ನ ಮೈಯೆಲ್ಲ ಸ್ಪಿರಿಟ್ಟು, ಅವತ್ತಿಂದ ಎಡಗೈಲಿ ಒಂದು ಚೊಂಬು ಎತ್ತಿಲ್ಲ ನೀನು, ನೀರು ಬಗ್ಗಿಸೋ ಸದ್ದೇ ಬೇರೆ ಆಗಿದೆ, ಹನ್ನೊಂದು ದಿನ ಕಾದೆ, ಹೇಳ್ತಾಳೆ ಹೇಳ್ತಾಳೆ ಅಂತ. ನಿಂತ ಪರದೆಯ ಮೇಲೆ ಹಗ್ಗದ ತುದಿ ಅಂಚಿನಲ್ಲಿದೆ, ಎಳೆಗಳು ಬಿಚ್ಚಿಕೊಂಡ ತುದಿ, ಅರ್ಧ ಕಲ್ಲಿನ ಮೇಲೆ ಅರ್ಧ ಗಾಳಿಯಲ್ಲಿ, ನೀರಿಗೆ ಬೀಳುತ್ತಿಲ್ಲ, ಅಮ್ಮ ತಡಕಿ ನನ್ನ ಮೊಣಕೈ ಹಿಡಿದಳು, ಎಷ್ಟಿದೆಯೇ ಆ ಗಂಟು, ಸರಿಯಾಗಿ ಹೇಳು, ಹಗ್ಗದ ತುದಿ ಅಂಚಿನಲ್ಲಿದೆ, ಎಷ್ಟಿದೆ, ತುದಿ, ಅಂಚು, ಎರಡು ಪಾಯಿಂಟ್ ಮೂರು ಸೆಂಟಿಮೀಟರ್, ಅಮ್ಮ.