ಕೈಗೊಂದು ಸೆಟ್ಟಿಂಗ್, ಮಾತಿಗೊಂದು

1
ಎಲ್ಲಿಂದ ಶುರುಮಾಡಲಿ? ಆಪರೇಷನ್ನಿನಿಂದ ಮಾಡಿದ್ದೆ: ತಲೆಬುರುಡೆಗೆ ತೂತು, ಮಿದುಳಿನ ಆಳಕ್ಕೆ ಸಪೂರ ತಂತಿ, ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಬ್ಯಾಟರಿ. ಓದುವವರು ಊಟ ಬಿಟ್ಟಾರೆಂದು ಹರಿದುಹಾಕಿದೆ. ಹಾಗಾಗಿ ಜಡೆಯಿಂದ.

2
ಕ್ಲೀವ್‌ಲ್ಯಾಂಡ್, ಮಾರ್ಚ್ ತಿಂಗಳ ಬೆಳಗು. ಲೆನೋರಾ ಎಂಟು ವರ್ಷದ ಮಗಳು ಪೆಟ್ರಾಳ ಕೂದಲನ್ನು ಮೂರು ಕಾಲು ಮಾಡಿ ಹಿಡಿದಿದ್ದಾಳೆ. ಅಷ್ಟರಲ್ಲಿ ಕ್ಲಿನಿಕ್ಕಿನ ನರ್ಸಿನ ಫೋನು.

"ಹತ್ತು ಗಂಟೆಗೆ ಬರ್ತೀರಲ್ಲ? ಇವತ್ತು ಒಂದು ಸೆಟ್ಟಿಂಗ್ ಹೇಳ್ಬಿಡಿ. ಸಂಶೋಧನೆ ನಿಯಮ, ಆಮೇಲೆ ಆರು ತಿಂಗಳು ಬದಲಾಯಿಸೋ ಹಾಗಿಲ್ಲ."

(ಇಲ್ಲಿ ಸ್ವಲ್ಪ ವಿವರಿಸಲೇಬೇಕು.) ಲೆನೋರಾಳ ಗಂಡ ಡ್ವೇನ್ ಕ್ಷೌರಿಕ. ನಡುಕದ ಕಾಯಿಲೆ ಪಾರ್ಕಿನ್ಸನ್ಸ್ ಬಂದು ಏಳು ವರ್ಷ. ಆ ತಂತಿ, ಬ್ಯಾಟರಿ ಅವನಿಗೇ ಹಾಕಿದ್ದು, ಅದರ ಕರೆಂಟಿಗೆ ಎರಡು ಸೆಟ್ಟಿಂಗ್. ಒಂದನೇ ಸೆಟ್ಟಿಂಗಿನಲ್ಲಿ ಅವನ ಕೈ ನಡುಗುವುದಿಲ್ಲ, ಆದರೆ ಮಾತು ಬಾಯಲ್ಲೇ ಕಲಸಿಹೋಗುತ್ತದೆ. ಎರಡನೆಯದರಲ್ಲಿ ಮಾತು ಸ್ಪಷ್ಟ, ಚಮಚ ಮಾತ್ರ ಬಾಯಿ ತಲುಪುವುದಿಲ್ಲ.

3
ಕಾರಿನಲ್ಲಿ ಕರೆದೊಯ್ಯಲು ಡ್ವೇನ್‌ನ ತಮ್ಮ ಕರ್ಟಿಸ್ ಬಂದಿದ್ದಾನೆ. ಕ್ಷೌರದಂಗಡಿ ಅಣ್ಣತಮ್ಮ ಇಬ್ಬರದೂ.

"ಕತ್ತರಿ ಹಿಡಿಯೋನಿಗೆ ಕೈ ತಾನೇ ಮುಖ್ಯ?"

"ಗಿರಾಕಿ ಬರೋದು ಅವನ ಹರಟೆಗೆ ಕಣೋ. ಕತ್ತರಿಸೋಕೆ ನೀನಿದ್ದೀಯಲ್ಲ," ಎಂದಳು ಲೆನೋರಾ.

"ನನ್ನ ಮಾತು ಕೇಳೋಕೆ ಯಾರೂ ಬರಲ್ಲ ಅಂತೀಯಾ?"

"ನಿನ್ನ ಹೆಂಡ್ತಿನೇ ಬರಲ್ಲ."

4
ಇಲ್ಲಿ ಲೆನೋರಾ ಕಣ್ಣೀರು ಹಾಕುವಂತೆ ಬರೆದು ನೋಡಿದೆ. ಅವಳು ಒಪ್ಪಲಿಲ್ಲ. "ನಂಗೆ ಪುರುಸೊತ್ತೆಲ್ಲಿದೆ? ಮಗು ಊಟದ ಡಬ್ಬಿ ನೀನು ಕಟ್ತೀಯಾ?"

(ನ್ಯಾಯವೇ. ನನ್ನ ಒಲೆಯ ಮೇಲೂ ಹಾಲಿತ್ತು. ಹೋಗಿ ಒಲೆ ಆರಿಸಿ ಬಂದೆ.)

5
ಮುಕ್ತಾಯ ಒಂದು: ಕೈ. ಅಂಗಡಿ ನಡೆಯುತ್ತದೆ, ಮಾತು ತಿಳಿಯದಿದ್ದರೂ ಮನೆಯಲ್ಲಿ ಯಾರೂ ಅವನನ್ನು "ಏನಂದೆ?" ಅಂತ ಎರಡನೇ ಸಲ ಕೇಳುವುದಿಲ್ಲ.

ಮುಕ್ತಾಯ ಎರಡು: ಮಾತು. ಅವನು ಕುರ್ಚಿಯಲ್ಲಿ ಕೂತು ನಗಿಸುತ್ತಾನೆ. ಅವನ ಅಂಗಿಯ ಗುಂಡಿ ಹಾಕುವವಳು ಲೆನೋರಾ.

ಮುಕ್ತಾಯ ಮೂರು: ಕೈಯನ್ನೂ ಮಾತನ್ನೂ ಉಳಿಸುವ ಸೆಟ್ಟಿಂಗ್ ಸಿಗುತ್ತದೆ. ನಿಮಗೋಸ್ಕರ ಬರೆದೆ. ನನಗೇ ನಂಬಿಕೆ ಬರಲಿಲ್ಲ, ಹೊಡೆದುಹಾಕಿದೆ.

6
ಡ್ವೇನ್ ಲೆನೋರಾ, ಕರ್ಟಿಸ್ ಇಬ್ಬರ ನಡುವೆಯೇ ಕೂತಿದ್ದಾನೆ. ಇವತ್ತು ಒಂದನೇ ಸೆಟ್ಟಿಂಗು, ಓಟ್ಸ್ ತುಂಬಿದ ಚಮಚ ಅಲುಗದೆ ಮೇಲೇರುತ್ತಿದೆ. ವಾದ ಅವನ ತಲೆಯ ಮೇಲಿಂದ ಅತ್ತಿತ್ತ ಹೋಗುತ್ತಿದೆ.

ಪೆಟ್ರಾ ಅಮ್ಮನ ಕೈಯಿಂದ ಕೂದಲು ಬಿಡಿಸಿಕೊಂಡು ಅಪ್ಪನ ಮುಂದೆ ನಿಂತಳು. ವಾರದಿಂದ ಅವಳು ಒಂದು ಮಾತನ್ನು ನುಂಗಿಕೊಂಡು ಓಡಾಡುತ್ತಿದ್ದಾಳೆ. ನನಗೆ ಗೊತ್ತಿತ್ತು, ಬರೆದಿರಲಿಲ್ಲ. ಅವಳು ಕೇಳಿದ್ದಕ್ಕೆ ಡ್ವೇನ್ ಏನೆಂದನೋ ನಾನು ಬರೆಯುವುದೂ ಇಲ್ಲ. ಆ ಉತ್ತರ ಕೊಡಬೇಕಾದವಳು ನಾನಲ್ಲ.

"ಅಪ್ಪಾ, ಇವರ್ಯಾರೂ ನಿನ್ನನ್ನ ಕೇಳೇ ಇಲ್ವಲ್ಲ. ನಿಂಗೆ ಯಾವ್ದು ಬೇಕು?"