ಬಡಿಸುವ ಕೈ

ತನ್ನ ಹೆಂಡತಿಯನ್ನು ಮಣ್ಣು ಮಾಡಿ ಬಂದ ನೆಂಟರಿಷ್ಟರಿಗಾಗಿ ಬ್ರೆಡ್ ಕೊಯ್ಯುತ್ತಿದ್ದ ಬೇಕರಿಯವನ ಕೈ, ಅಕ್ಕನ ಮಾತು ಕಿವಿಗೆ ಬಿದ್ದು ನಿಂತಿತು.

"ಮಹಾತಾಯಿ! ಹತ್ತು ಜನಕ್ಕೆ ಬಡಿಸದೆ ಒಂದು ತುತ್ತು ಬಾಯಿಗಿಟ್ಟವಳಲ್ಲ. ಹಸಿವಿನ ಮೇಲೆ ಎಂಥಾ ಹಿಡಿತ!"

"ನಾವೂ ಇದೀವಲ್ಲ, ಬಡಿಸೋದ್ರೊಳಗೆ ಅರ್ಧ ರುಚಿ ನೋಡಿ ಮುಗಿಸಿರ್ತೀವಿ," ಎಂದಳು ಪಕ್ಕದ ಮನೆಯಾಕೆ. ಅಳುತ್ತಿದ್ದವರೂ ನಕ್ಕರು.

ಅಕ್ಕ ಮೂಲೆಯಲ್ಲಿ ಕುಳಿತಿದ್ದ ಅವನ ಮಗಳ ಬೆನ್ನು ಸವರಿದಳು. "ನೀನೂ ಅಮ್ಮನ ಹಾಗೇ ಆಗು ಕಂದಾ. ಆಗ್ಲೇ ಅವಳದೇ ಮೈಕಟ್ಟು, ಬಳ್ಳಿ ಹಾಗೆ."

ಸೆಕೆಯಲ್ಲೂ ಸ್ವೆಟರ್ ತೊಟ್ಟಿದ್ದ ಹುಡುಗಿ ಅಂದು ಮೊದಲ ಬಾರಿ ತಲೆಯೆತ್ತಿದಳು. ಆ ಹೊಗಳಿಕೆಗೆ ಅವಳ ಕಣ್ಣು ಹೊಳೆದದ್ದನ್ನು ಅಪ್ಪ ಕಂಡ.

*

ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಬೇಕರಿಯ ಒಲೆಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದಳು. ಬೇಸಿಗೆಯಲ್ಲೂ ಬೆರಳು ತಣ್ಣಗೆ. "ನಿನ್ನ ಕೈಲಿ ಬೆಣ್ಣೆನೂ ಕರಗಲ್ಲ ಕಣೇ," ಎಂದು ಅವನು ಚೇಷ್ಟೆ ಮಾಡಿದರೆ ಅವನ ಮೂಗಿಗೆ ಹಿಟ್ಟು ಬಳಿಯುತ್ತಿದ್ದಳು. ಎಂಥ ದಿನಗಳು! ಅವಳು ಕೇಕಿನ ಮೇಲೆ ಸಕ್ಕರೆ ಹೂ ಬಿಡಿಸಲು ಕುಳಿತರೆ ಬೀದಿಯ ಮಕ್ಕಳೆಲ್ಲ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದರು. ಒಡೆದ ಬಿಸ್ಕತ್ತೆಲ್ಲ ಅವರಿಗೇ. ತಾನು ಮಾತ್ರ "ಆಮೇಲೆ ತಿಂತೀನಿ" ಎನ್ನುತ್ತಿದ್ದಳು. ಆ ಆಮೇಲೆ ಬರುತ್ತಲೇ ಇರಲಿಲ್ಲ.

ತಲೆಸುತ್ತಿ ಬಿದ್ದಾಗ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಅನೊರೆಕ್ಸಿಯಾ, ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡಿಸುವ ಮನಸ್ಸಿನ ರೋಗ. ಶಾಲೆಯಲ್ಲಿ ಅವಳನ್ನು 'ಡುಮ್ಮಿ' ಎಂದು ಆಡಿಕೊಂಡ ವರ್ಷವೇ ಅವಳ ತಾಯಿಯೂ ತೀರಿಕೊಂಡಿದ್ದರಂತೆ; ಅದು ಶುರುವಾದದ್ದು ಆಗಲೇ.

"ಯಾವುದೂ ನನ್ನ ಕೈಲಿರಲಿಲ್ಲ ರೀ. ತಟ್ಟೆ ಒಂದೇ ನನ್ನ ಮಾತು ಕೇಳ್ತಿತ್ತು. ಈಗ ಅದೂ ಕೇಳಲ್ಲ. ಕನ್ನಡೀಲಿ ಇನ್ನೂ ಆ ಡುಮ್ಮಿನೇ ಕಾಣ್ತಾಳೆ. ಯಾರಿಗೂ ಹೇಳ್ಬೇಡಿ, ನನ್ನಾಣೆ."

ಚಿಕಿತ್ಸೆ, ಪ್ರಾರ್ಥನೆಗಳ ಬಲದಿಂದ ಎಷ್ಟೋ ವರ್ಷ ಚೆನ್ನಾಗಿದ್ದಳು. ಕಾಯಿಲೆ ಮರಳಿತು, ಬಳಲಿದ ಹೃದಯ ನಿಂತಿತು.

*

ಅವನು ಚಾಕು ಕೆಳಗಿಟ್ಟ. "ಅಕ್ಕಾ, ಅದು ಹಿಡಿತ ಅಲ್ಲ, ಕಾಯಿಲೆ. ತುತ್ತು ಅಂದ್ರೆ ಅವಳಿಗೆ ಬೆಂಕಿ ಕಂಡಷ್ಟು ಭಯ. ಅದೇ ಅವಳನ್ನ ತಿಂದು ಹಾಕ್ತು."

"ಮಣ್ಣು ಇನ್ನೂ ಆರಿಲ್ಲ ಕಣೋ. ಇಂಥ ಮಾತಾ?"

"ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ದೇವರು ಕ್ಷಮಿಸಲಿ. ಬದುಕಬೇಕಾದವಳು ಇಲ್ಲಿ ಕೂತಿದಾಳಲ್ಲ."

ಅವನು ಹೋಗಿ ಮಗಳ ಪಕ್ಕ ನೆಲದ ಮೇಲೆ ಕುಳಿತ. ಅವಳ ತಟ್ಟೆ ಬರಿದಾಗಿತ್ತು.

ಬಹಳ ಹೊತ್ತಿನ ಮೇಲೆ ಅವಳು ಸ್ವೆಟರಿನ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು, ಅಪ್ಪನ ತೊಡೆಯ ಮೇಲಿಟ್ಟು, ತಾನೇ ಬಿಚ್ಚಿದಳು. ಅವನು ಅವಳ ತಟ್ಟೆಗೆ ಕೊಯ್ದು ಹಾಕಿದ್ದ ಬ್ರೆಡ್ಡೆಲ್ಲ, ಒಂದು ತುತ್ತೂ ಬಾಯಿಗೆ ಹೋಗದೆ, ಉಗುರಿನಷ್ಟು ಚೂರುಗಳಾಗಿ ಅದರಲ್ಲಿತ್ತು.