ಮೊದಲ ತೆನೆ, ಹಿಡಿ ಉಪ್ಪು

ತೊಂಬತ್ತೇಳರ ಸೆಪ್ಟೆಂಬರ್. ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಸೆಕೆ ಇನ್ನೂ ಇಳಿದಿರಲಿಲ್ಲ. ಮನೆ ಹಿಂದೆ ಸಾಲಾಗಿಟ್ಟ ಪ್ಲಾಸ್ಟಿಕ್ ಟಬ್ಬುಗಳಲ್ಲಿ ಭತ್ತ ಹಾಲು ಕಟ್ಟಿ, ಕಾಳು ತುಂಬಿ, ತೆನೆ ಬಾಗಿತ್ತು. ಸಿಪ್ರಿಯಾನ್ ಪಿಂಟೊ ಬೆಳಕು ಹರಿಯುವಾಗಲೇ ಹಕ್ಕಿಬಲೆ ಸರಿಸಿ, ಕತ್ತರಿ ಹಿಡಿದು ಕೂತಿದ್ದ. ಸೋಮವಾರ ತೆನೆ ಹಬ್ಬ. ಇಗರ್ಜಿಯಲ್ಲಿ ಪಾದ್ರಿ ಮಂತ್ರಿಸಿದ ತೆನೆ ಮನೆಯವರಿಗೆಲ್ಲ ತಲೆಗೊಂದು ಬೇಕು. ಊರಲ್ಲಿಲ್ಲದವರ ಹೆಸರಿಗೂ ಒಂದು ಬೇಕು. ಆ ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ ಕುಡಿದ ಮೇಲೆಯೇ ಊಟ.

ಹೆಂಡತಿ ಸೆವ್ರಿನ್ ಬಾಗಿಲಿಗೆ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟು.

"ಇದೆಂತದ್ದು?"

"ಉಪ್ಪು. ಮೊದಲ ತೆನೆ ಲೋಬೊ ಮನೆಗಲ್ವಾ? ಆ ಮನೆಯ ಅಪ್ಪಿಬಾಯಿ ಈಗ ಆಶ್‌ಬರ್ನ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ನೀವು ಹೇಗೂ ವಾಷಿಂಗ್ಟನ್‌ಗೆ ಹೋಗ್ತೀರಿ."

"ನಾನು ಹೋಗುವುದು ಪುಸ್ತಕಕ್ಕೆ, ಉಪ್ಪು ಹಂಚ್ಲಿಕ್ಕಲ್ಲ. ಅವರು ನಮ್ಮ ಉಪ್ಪು ತಿಂದವರು. ಬೇಕಾದರೆ ಅವರೇ ಬರ್ಲಿ."

"ಹಾಗಂತ ಹೇಳಿದ್ದು ಯಾರು?"

"ಅಪ್ಪ."

"ಅಪ್ಪನಿಗೆ ಹೇಳಿದ್ದು?"

ಸಿಪ್ರಿಯಾನ್ ಮತ್ತೊಂದು ತೆನೆ ಕತ್ತರಿಸಿದ. ಊರಿನಲ್ಲಿ ಪ್ರತಿ ವರ್ಷ ಪಿಂಟೊ ಮನೆಯಿಂದ ಲೋಬೊ ಮನೆಗೆ ಮೊದಲ ತೆನೆ, ಜೊತೆಗೆ ಹಿಡಿ ಉಪ್ಪು ಹೋಗುತ್ತಿತ್ತು. ಹಿಂದೆ ಲೋಬೊಗಳು ನಮ್ಮ ಮನೆ ಆಳುಗಳಾಗಿದ್ದಿರಬೇಕು, ಅದನ್ನು ನೆನಪಿಸಲಿಕ್ಕೇ ಈ ಉಪ್ಪು ಎಂದು ಅಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದ. ಅಪ್ಪಿಬಾಯಿ ಗಂಟು ಇಸಿದುಕೊಳ್ಳುತ್ತಿದ್ದಳು, ನಗುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಹನ್ನೆರಡು ವರ್ಷಗಳಲ್ಲಿ ಸಿಪ್ರಿಯಾನ್ ಒಮ್ಮೆಯೂ ಕಳಿಸಿರಲಿಲ್ಲ.

ನಿಜ ಏನೆಂದು ಪುಸ್ತಕದಲ್ಲಿ ಇರಬಹುದು. ತೊಗಲು ಹೊದಿಸಿದ ಹಳೆಯ ಪೋರ್ಚುಗೀಸ್ ಪುಸ್ತಕ. ಎಷ್ಟೋ ತಲೆಮಾರಿನ ಹಿಂದೆ ಗೋವೆಯ ಸನ್ಯಾಸಿ ಪಾದ್ರಿಗಳ ಬಳಿ ಗುಮಾಸ್ತನಾಗಿದ್ದ ಜುವಾಂವ್ ಅಜ್ಜ ಬರೆದದ್ದಂತೆ. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಆ ಕಾಲದ ಪಾದ್ರಿಗಳ ಚರಿತ್ರೆ ಬರೆಯುತ್ತಿದ್ದ, ವಾಷಿಂಗ್ಟನ್‌ನ ಮಠದ ಫಾದರ್ ಡನ್‌ಸ್ಟನ್ ಎರಡು ವರ್ಷದ ಹಿಂದೆ ಅದನ್ನು ಎರವಲು ಒಯ್ದಿದ್ದರು. ಮೂರು ಕಾಗದ ಬರೆದರೂ ಉತ್ತರವಿಲ್ಲ.

"ಆಗ ಗೋವೆಯಲ್ಲಿ ಹೊಲ ತಕ್ಕೊಂಡ್ರು, ದೇವಸ್ಥಾನ ತಕ್ಕೊಂಡ್ರು. ಈಗ ಪುಸ್ತಕ," ಎಂದ ಸಿಪ್ರಿಯಾನ್.

"ಭಾನುವಾರ ಪೂಜೆಗೆ ಮುಂದಿನ ಬೆಂಚು, ಮನೆಯಲ್ಲಿ ಪಾದ್ರಿಗೆ ಬೈಗುಳ!" ಸೆವ್ರಿನ್ ತೆನೆಯನ್ನೂ ಗಂಟನ್ನೂ ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದಳು.

ಏಳು ಗಂಟೆಯ ದಾರಿ. ಪುಸ್ತಕ ಕಳೆದಿದೆ ಎಂದಾರು. ಲೈಬ್ರರಿಗೆ ಕೊಟ್ಟೆವು ಎಂದಾರು. ನಿಮ್ಮದೆನ್ನಲು ಸಾಕ್ಷಿ ಏನು ಎಂದಾರು. ಒಂದೊಂದಕ್ಕೂ ಸಿಪ್ರಿಯಾನ್ ಉತ್ತರ ಹೊಂದಿಸಿಕೊಂಡೇ ಹೋದ.

ವಾಷಿಂಗ್ಟನ್‌ನ ಆ ಮಠದಲ್ಲಿ ಯಾವ ಉತ್ತರವೂ ಬೇಕಾಗಲಿಲ್ಲ. ಕಂದು ನಿಲುವಂಗಿಯ ಮುದುಕ ಫಾದರ್ ಡನ್‌ಸ್ಟನ್ ಪುಸ್ತಕವನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದರು. ಅಷ್ಟು ಸಲೀಸಾಗಿ ಸಿಕ್ಕಿದ್ದೇ ಸಿಪ್ರಿಯಾನನಿಗೆ ಸರಿ ಕಾಣಲಿಲ್ಲ. ನಿಂತಲ್ಲೇ ಹಾಳೆಗಳನ್ನು ಒಂದೊಂದಾಗಿ ಎಣಿಸಿದ. ಪಾದ್ರಿ ತಡೆಯಲಿಲ್ಲ.

"ಮತ್ತೆ ಕಾಗದಕ್ಕೆ ಉತ್ತರ ಯಾಕೆ ಬರೆಯಲಿಲ್ಲ?"

"ನಾಲ್ಕು ಸಲ ಶುರು ಮಾಡಿದೆ. ಇದನ್ನು ಅಂಚೆಯಲ್ಲಿ ಹೇಗೆ ಹೇಳುವುದು ಅಂತ ತಿಳಿಯಲಿಲ್ಲ." ಪಾದ್ರಿ ಟೈಪ್ ಮಾಡಿದ ಎರಡು ಹಾಳೆ ಮುಂದಿಟ್ಟರು. "ಕೊನೆಯ ಭಾಗದ ಇಂಗ್ಲಿಷ್ ಅನುವಾದ. ಇದನ್ನು ನನ್ನ ಪುಸ್ತಕಕ್ಕೆ ಸೇರಿಸಬೇಕೋ ಬೇಡವೋ, ನೀವೇ ಹೇಳಿ."

ಸಿಪ್ರಿಯಾನ್ ಕಾರಿನಲ್ಲಿ ಕೂತು ಓದಿದ.

'ಹೊಸ ಅಕ್ಕಿಯ ದಿನ ವಿಧವೆ ಆನ್ನಾ ಲೋಬೊಳ ಮನೆಯಲ್ಲಿ ಉಂಡೆ. ಅನ್ನಕ್ಕೆ ಉಪ್ಪು ಹಾಕಿ ಬೇಯಿಸಿರಲಿಲ್ಲ. ಕ್ರೈಸ್ತರಾದವರು ಹಿಂದೂಗಳ ಹಾಗೆ ಬೇಯಿಸುವುದು ಅಪರಾಧವೆಂದು ಪಾದ್ರಿಗಳು ಸಾರಿದ್ದರು. ಮರುದಿನ ನಾನು ಹೋಗಿ ಹೇಳಿದೆ. ಅವಳನ್ನು ಹಿಡಿದೊಯ್ದರು. ಮನೆಗೆ ಮುದ್ರೆ ಬಿತ್ತು. ಅವಳು ತಿರುಗಿ ಬರಲಿಲ್ಲ.'

ಕೆಳಗೆ, ಎಷ್ಟೋ ವರ್ಷಗಳ ನಂತರದ್ದು: 'ಅವಳ ಮಗ ತೆಂಕಣ ಸೀಮೆಗೆ ಓಡಿದ್ದಾನೆಂದು ತಿಳಿದು ನಾನೂ ಅಲ್ಲಿಗೆ ಬಂದೆ. ವರ್ಷಕ್ಕೊಂದು ತೆನೆ, ಹಿಡಿ ಉಪ್ಪು ಕಳಿಸುತ್ತೇನೆ. ನನ್ನ ನಂತರ ಮಕ್ಕಳು ಕಳಿಸಲಿ. ಎಷ್ಟು ವರ್ಷ ಎಂದು ನಾನು ಯಾರನ್ನೂ ಕೇಳಲಿಲ್ಲ.'

ಸಿಪ್ರಿಯಾನ್ ಪಕ್ಕದ ಸೀಟಿನ ಕಡೆ ನೋಡಿದ. ಗಂಟು ಬೆಲ್ಟಿನೊಳಗೇ ಇತ್ತು.

ಆಶ್‌ಬರ್ನ್‌ನ ಹೊಸ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಥರ. ಬಾಗಿಲು ತೆರೆದದ್ದು ಅಪ್ಪಿಬಾಯಿಯೇ. ಎಪ್ಪತ್ತೆಂಟರ ಮುದುಕಿ, ತೆನೆ, ಗಂಟು ಹಿಡಿದು ನಿಂತ ಸಿಪ್ರಿಯಾನನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಪಿಂಟೊ ಮನೆ ಹುಡುಗನಾ? ತಲೆ ಬೋಳಾಗಿದೆ. ಹನ್ನೆರಡು ವರ್ಷ ಇಲ್ಲದ ಉಪ್ಪು ಈಗ ಎಂತಕ್ಕೆ? ಊರಿನ ಜಾಗದ ಕಾಗದಕ್ಕೆ ಸಹಿ ಬೇಕಾ?"

"ಇಲ್ಲ ಬಾಯಿ."

"ಮಗನಿಗೆ ಹುಡುಗಿ ನೋಡ್ತಾ ಇದ್ದೀಯಾ? ನನ್ನ ಮೊಮ್ಮಗಳು ಸಿಕ್ಕುವುದಿಲ್ಲ, ಮೊದಲೇ ಹೇಳ್ತೇನೆ."

"ಅದೂ ಅಲ್ಲ. ಒಂದು ಸಂಗತಿ ಹೇಳ್ಲಿಕ್ಕುಂಟು."

ಅಡುಗೆಮನೆಯ ಮೇಜಿನ ಮುಂದೆ ಸಿಪ್ರಿಯಾನ್ ಹಾಳೆಗಳನ್ನು ಕೊಂಕಣಿಯಲ್ಲಿ ಬಿಡಿಸಿ ಹೇಳಿದ. ಅಪ್ಪನ ನಗುವನ್ನೂ ಬಚ್ಚಿಡಲಿಲ್ಲ. ಅಪ್ಪಿಬಾಯಿ ಬೀನ್ಸಿನ ನಾರು ತೆಗೆಯುತ್ತಲೇ ಕೇಳಿದಳು. 'ತಿರುಗಿ ಬರಲಿಲ್ಲ' ಎಂಬಲ್ಲಿ ಕೈ ನಿಂತಿತು.

"ಆನ್ನಾ," ಎಂದಳು. "ಹೆಸರೇ ಗೊತ್ತಿರಲಿಲ್ಲ ನಮಗೆ."

ಆಮೇಲೆ ಮುದುಕಿ ಎದ್ದು ತಟ್ಟೆ ಇಟ್ಟಳು, ಕುಚ್ಚಲಕ್ಕಿ ಅನ್ನ ಬಡಿಸಿದಳು.

"ಉಣ್ಣು. ಏಳು ಗಂಟೆ ಡ್ರೈವ್ ಮಾಡಿ ಬಂದಿದ್ದೀಯ."

ಸಿಪ್ರಿಯಾನ್ ಒಂದು ತುತ್ತು ಬಾಯಿಗಿಟ್ಟು ತಡೆದ. ಪಿಂಟೊ ಮನೆಯಲ್ಲಿ ಅನ್ನ ಕುದಿಯುವಾಗಲೇ ಉಪ್ಪು ಬೀಳುತ್ತಿತ್ತು. ಇದು ಸಪ್ಪೆ.

"ನಮ್ಮಲ್ಲಿ ಈಗಲೂ ಹೀಗೇ," ಎಂದಳು ಅಪ್ಪಿಬಾಯಿ. "ಹೋಗಿ ಯಾರಿಗೆ ಬೇಕಾದರೂ ಹೇಳು."

"ಪಾದ್ರಿ ಪುಸ್ತಕಕ್ಕೆ ಹಾಕ್ಲಾ ಅಂತ ಕೇಳಿದ್ದಾರೆ. ನನ್ನನ್ನು ಕೇಳಿದ್ರು. ಕೇಳಬೇಕಾದ್ದು ನಿಮ್ಮನ್ನು."

"ಹಾಕ್ಲಿ. ಅವಳ ಹೆಸರು ಹಾಕ್ಲಿ. ನಿನ್ನ ಅಜ್ಜನದ್ದೂ ಹಾಕ್ಲಿ."

"ಆಯ್ತು."

ಅವಳು ತೆನೆ ಎತ್ತಿಕೊಂಡು, ಕಾಳೊಂದನ್ನು ಉಗುರಿನಿಂದ ಒತ್ತಿ ನೋಡಿ, ದೇವಮಾತೆಯ ಚಿತ್ರದ ಮುಂದಿಟ್ಟಳು. ಉಪ್ಪಿನ ಗಂಟನ್ನು ಮುಟ್ಟಲಿಲ್ಲ, ವಾಪಸು ಕೊಡಲೂ ಇಲ್ಲ. ಅದು ತಟ್ಟೆಯ ಪಕ್ಕದಲ್ಲೇ ಇತ್ತು. ಸಿಪ್ರಿಯಾನ್ ಅದರ ಕಡೆ ಕೈ ಚಾಚದೆ, ತಲೆ ತಗ್ಗಿಸಿ, ಸಪ್ಪೆ ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡ.

ಬಾಗಿಲಲ್ಲಿ ಅವಳು ಕೂಗಿ ಹೇಳಿದಳು: "ಬರುವ ವರ್ಷ ತಡ ಮಾಡ್ಬೇಡ. ಲೆಕ್ಕ ಇನ್ನೂ ಮುಗಿಯಲಿಲ್ಲ."